ಕೊನೆಯ ಸಾಲು ಇಲ್ಲದ ಕಲ್ಲು

ಕಲ್ಲು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನ ನಮ್ಮ ಅಚ್ಚಿನ ಅಂಗಡಿಗೆ ಬಂದಾಗ ಅದರ ಬೆನ್ನ ಮೇಲೆ ಹೂಕುಂಡಗಳ ಗುಂಡು ಕಲೆಗಳಿದ್ದವು. ಸ್ಯಾನ್ ಡಿಯಾಗೋದ ಒಂದು ಮನೆಯ ಗ್ಯಾರೇಜಿನಲ್ಲಿ ಅದು ಎಷ್ಟೋ ವರ್ಷ ಮುಖ ಕೆಳಗಾಗಿ ಮಲಗಿತ್ತು. ನಾನೂ ಅಂಗಡಿಯ ಯಜಮಾನನೂ ಸೇರಿ ಅದನ್ನು ಮೇಜಿಗೆ ಏರಿಸಿ ತಿರುಗಿಸಿದೆವು. ಬೂದು ಬಣ್ಣದ ನಯವಾದ ಮುಖ. ಅದರ ಮೇಲೆ ಒಣಗಿ ಸಿಪ್ಪೆಯೆದ್ದ ಗೋಂದು, ಗೋಂದಿನ ಅಡಿಯಲ್ಲಿ ಕಂಡೂ ಕಾಣದ ಗೆರೆಗಳು. ಒದ್ದೆ ಸ್ಪಂಜು ಒತ್ತಿದೆ. ಒಂದು ಬೀದಿ ಕಂಡಿತು, ಅದರ ಪಕ್ಕಕ್ಕೆ ಇನ್ನೊಂದು ಬೀದಿ, ಆಮೇಲೆ ಗೋಪುರವಿರುವ ಕಟ್ಟಡದ ಒಂದು ಮೂಲೆ.

ಅದು ೨೦೦೫ರ ಅಕ್ಟೋಬರ್, ರಂಜಾನ್ ತಿಂಗಳು. ಮೈಸೂರಿನಲ್ಲಿ ನಿವೃತ್ತನಾದ ಮೇಲೆ ನಾನು ವಾಲ್‌ನಟ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಬೆಳಿಗ್ಗೆ ರೈಲು ಹಿಡಿದು, ನಡುವೆ ರೈಲು ಬದಲಿಸಿ ಚಾಟ್ಸ್‌ವರ್ತ್‌ಗೆ ಬರುತ್ತಿದ್ದೆ. ಅಂಗಡಿಯ ಯಜಮಾನ ಬೆಂಗಳೂರಿನವನು, ಮೊದಲು ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಎಂಜಿನಿಯರ್ ಆಗಿದ್ದ. ಕಂಪನಿ ಜನರನ್ನು ಮನೆಗೆ ಕಳಿಸಿದಾಗ ಅವನೂ ಹೊರಬಿದ್ದು, ಮಾರಾಟಕ್ಕಿದ್ದ ಈ ಅಚ್ಚಿನ ಅಂಗಡಿಯನ್ನು ಕೊಂಡ. ಮುಂದಿನ ಕೋಣೆಯಲ್ಲಿ ವಿಸಿಟಿಂಗ್ ಕಾರ್ಡು, ಮೆನು ಕಾರ್ಡುಗಳ ಕೆಲಸ. ಹಿಂದಿನ ಕೋಣೆಯಲ್ಲಿ ಹಳೆಯ ಮಾಲೀಕ ಬಿಟ್ಟುಹೋದ, ಕಲ್ಲಿನ ಮೇಲೆ ಬರೆದದ್ದನ್ನು ಹಾಳೆಗೆ ಇಳಿಸುವ ಕಲ್ಲಚ್ಚಿನ ಪ್ರೆಸ್ಸು. ಅದರಲ್ಲಿ ಕೆಲವು ಕಲಾವಿದರ ಚಿತ್ರಗಳನ್ನು ಅಚ್ಚು ಹಾಕಿಕೊಡುವುದು ನನ್ನ ಕೆಲಸ. ಕಲ್ಲಚ್ಚು ನಮ್ಮ ಮನೆತನದ ಕಸುಬು. ಅಜ್ಜ ಬೀಡಿ, ಊದುಬತ್ತಿಯ ಲೇಬಲ್ಲುಗಳನ್ನೂ ಮದುವೆಯ ಕಾಗದಗಳನ್ನೂ ಕಲ್ಲಿನಿಂದಲೇ ತೆಗೆಯುತ್ತಿದ್ದರು.

ಅಜ್ಜ ಕಲಿಸಿದ ಒಂದು ಕ್ರಮವನ್ನು ಇಲ್ಲಿ ಹೇಳಲೇಬೇಕು. ಪ್ರೂಫ್ ಹಾಳೆಯನ್ನು ಕಲ್ಲಿನಿಂದ ಎತ್ತುವಾಗ ಕೆಳಗಿನ ಅಂಚು ಹಿಡಿದು ಎತ್ತಬೇಕು. ಆ ಅಂಚಿನಲ್ಲಿ ಮುದ್ರಕನ ಹೆಸರು, ಊರು ಇರುತ್ತದೆ. ಅದನ್ನು ಮೊದಲು ಓದಬೇಕು. ಅದು ಸರಿಯಾಗಿದ್ದರೆ ಉಳಿದ ಹಾಳೆಯನ್ನು ನೋಡು, ಇಲ್ಲದಿದ್ದರೆ ನೋಡುವ ತೊಂದರೆ ತೆಗೆದುಕೊಳ್ಳಬೇಡ ಎನ್ನುತ್ತಿದ್ದರು. ಮುಂದೆ ನಾನು ಸೇರಿದ ಪ್ರೆಸ್ಸಿನಲ್ಲೂ ಅದೇ ಪಾಠ. ಮುದ್ರಕನ ಹೆಸರಿಲ್ಲದ ಕಾಗದ ಬಾಗಿಲು ದಾಟಿದರೆ ನಮ್ಮ ದೇಶದ ಪ್ರೆಸ್ ಕಾನೂನು ಕೇಳುತ್ತದೆ. ಕೊನೆಯ ಸಾಲಿಲ್ಲದ ಒಂದು ಹಾಳೆಯನ್ನೂ ನಾನು ಹೊರಗೆ ಬಿಟ್ಟವನಲ್ಲ.

ಕಲ್ಲಿನ ಒಡತಿ ಎಂಬತ್ತು ದಾಟಿದ ಅಮೆರಿಕನ್ ಹೆಂಗಸು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ಅವರ ಅಜ್ಜ ಕಲ್ಲಚ್ಚಿನವರು. ಜರ್ಮನಿಯ ಯಾವುದೋ ಸಣ್ಣ ಊರಿನ ಮುದ್ರಕರ ಮನೆಯಲ್ಲಿ ಹುಟ್ಟಿದವರು. ಅಪ್ಪನ ಪ್ರೆಸ್ಸು ಹಿರಿಯ ಮಗನ ಪಾಲಾದಾಗ ಈ ಕಿರಿಯ ಮಗ ಕಲ್ಲಿನ ಕೆಲಸ ಕಲಿತು ಹಡಗು ಹತ್ತಿದರು. ಮೊದಲು ಕ್ಯಾಲಿಫೋರ್ನಿಯಾದ ಉತ್ತರದಲ್ಲಿ ಹಣ್ಣಿನ ಪೆಟ್ಟಿಗೆಗಳ ಲೇಬಲ್ ಬರೆದರು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಾಗ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ರೈಲು ಬಂತು, ಜಾಗದ ವ್ಯಾಪಾರಕ್ಕೆ ಕಾವೇರಿತು. ಆಗ ಅವರು ಸ್ಯಾನ್ ಡಿಯಾಗೋಕ್ಕೆ ಇಳಿದು ಸೈಟು ಮಾರುವವರಿಗೆ ನಕ್ಷೆ ಬರೆದುಕೊಟ್ಟರು. ಕಾವು ಇಳಿದ ಮೇಲೆ ಕಲ್ಲನ್ನು ಮುಟ್ಟಲೇ ಇಲ್ಲ. ಒಂದು ಪತ್ರಿಕೆಯಲ್ಲಿ ಜಾಹೀರಾತುಗಳಿಗೆ ಅಕ್ಷರ ಜೋಡಿಸುತ್ತ ಮುದುಕರಾದರು. ಮೇಡಂ ಅವರ ತಂದೆಯೂ ಮುದ್ರಕರೇ. ಆ ಅಂಗಡಿ ಮುಚ್ಚಿ ಬಹಳ ಕಾಲವಾಗಿತ್ತು.

ಸ್ಯಾನ್ ಡಿಯಾಗೋದ ಇತಿಹಾಸ ಸಂಘವೊಂದು ಹಳೆಯ ಮುದ್ರಕರ ಬಗ್ಗೆ ಪ್ರದರ್ಶನ ಏರ್ಪಡಿಸುತ್ತಿತ್ತು. ಮೇಡಂ ತಮ್ಮ ಅಜ್ಜನಿಗೂ ಒಂದು ಗೋಡೆ ಕೇಳಿದರು. ಅವರ ಬಳಿ ಲೇಬಲ್ಲುಗಳಿದ್ದವು. ಆದರೆ ಲೇಬಲ್ಲಿನಲ್ಲಿರುವುದು ಹಣ್ಣಿನ ಕಂಪನಿಯ ಹೆಸರು, ಬರೆದವನದ್ದಲ್ಲ. ಸಂಘದ ಸಂಗ್ರಹಪಾಲಕಿ, "ಅವರ ಹೆಸರು ಅಚ್ಚಾಗಿರುವ ಒಂದೇ ಒಂದು ಹಾಳೆ ತೋರಿಸಿ. ಅವರ ಜೀವನದ ಕಥೆಗೆ ಇಡೀ ಗೋಡೆ ಕೊಡುತ್ತೇವೆ" ಎಂದರಂತೆ. ಅದು ನ್ಯಾಯವಾದ ಮಾತು. ಮೇಡಂಗೆ ನೆನಪಾದದ್ದು ಹೂಕುಂಡದ ಕೆಳಗಿನ ಕಲ್ಲು.

"ಹೆಸರು ಇರುತ್ತದಲ್ಲವೇ?" ಎಂದು ಅವರು ಫೋನಿನಲ್ಲಿ ಕೇಳಿದರು.

"ಹೆಸರಿಲ್ಲದೆ ಯಾವ ಮುದ್ರಕನೂ ಕಲ್ಲನ್ನು ಬಿಡುವುದಿಲ್ಲ ಮೇಡಂ. ಕೊನೆಯ ಸಾಲನ್ನು ನಾನು ತೆಗೆದುಕೊಡುತ್ತೇನೆ" ಎಂದೆ.

ಫೋನ್ ಇಟ್ಟಾಗ ಯಜಮಾನ ನನ್ನನ್ನೇ ನೋಡುತ್ತಿದ್ದ. "ಅಂಕಲ್, ಟೆಸ್ಟ್ ಮಾಡೋಕ್ ಮುಂಚೇನೇ ಗ್ಯಾರಂಟಿ ಕೊಟ್ಬಿಟ್ರಲ್ಲಾ."

"ಇದು ನಿನ್ನ ಟೆಲಿಕಾಂ ಅಲ್ಲಪ್ಪ. ಕಲ್ಲು."

ಹಳೆಯ ಕಲ್ಲನ್ನು ಎಬ್ಬಿಸುವುದಕ್ಕೆ ಕ್ರಮವಿದೆ. ಮೊದಲು ಉಕ್ಕಿನ ಪಟ್ಟಿ ಇಟ್ಟು ಮಟ್ಟ ನೋಡಬೇಕು. ಆಮೇಲೆ ಗೋಂದಿನ ಮೇಲೆಯೇ ಟರ್ಪೆಂಟೈನ್ ಹಾಕಿ ಹಳೆಯ ಮಸಿಯನ್ನು ಕರಗಿಸಿ, ನೀರಿನಿಂದ ಗೋಂದು ತೊಳೆಯಬೇಕು. ಆಗ ಕಲ್ಲು ಖಾಲಿಯಾದಂತೆ ಕಾಣುತ್ತದೆ. ಅನುಭವವಿಲ್ಲದವರು ಹೆದರುವುದು ಅಲ್ಲಿಯೇ. ಗೆರೆಯ ಜಿಡ್ಡು ಕಲ್ಲಿನೊಳಗೆ ಇದ್ದೇ ಇರುತ್ತದೆ. ಸ್ಪಂಜಿನಿಂದ ನೀರು ಸವರಿ ಮಸಿಯ ರೋಲರ್ ಹಾಯಿಸಿದರೆ, ಒದ್ದೆ ಜಾಗ ಮಸಿಯನ್ನು ಬೇಡ ಎನ್ನುತ್ತದೆ, ಜಿಡ್ಡಿನ ಗೆರೆ ಬಾ ಎನ್ನುತ್ತದೆ. ಗೆರೆ ತುಂಬಿಕೊಂಡ ಮೇಲೆ ಗೋಂದಿಗೆ ಕೆಲವು ಹನಿ ಆಮ್ಲ ಬೆರೆಸಿ ಬಳಿಯಬೇಕು. ಅದು ಗೆರೆಯನ್ನೂ ಖಾಲಿ ಜಾಗವನ್ನೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲಿಸುತ್ತದೆ.

ಇಷ್ಟನ್ನೂ ಮಾಡಿದೆ. ಆದರೆ ಆ ವಾರ ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ಸ್ಪಂಜು ಎತ್ತಿ ರೋಲರ್ ಹಿಡಿಯುವಷ್ಟರಲ್ಲಿ ಕಲ್ಲಿನ ಒಂದು ಮೂಲೆ ಒಣಗಿರುತ್ತಿತ್ತು. ಒಣಗಿದ ಜಾಗಕ್ಕೆ ರೋಲರ್ ತಗುಲಿದರೆ ಮಸಿ ಕೂತು ಕೊಳೆಯಾಗುತ್ತದೆ. ಅದನ್ನು ಬಿಡಿಸಿ ಮತ್ತೆ ಮೊದಲಿನಿಂದ ಶುರು. ಬಾಗಿಲು, ಕಿಟಕಿಗಳಿಗೆ ಒದ್ದೆ ಬೆಡ್‌ಶೀಟು ಕಟ್ಟಿದೆ. ಯಜಮಾನ ಬಂದು ನೋಡಿ, "ಏನ್ ಅಂಕಲ್, ಧೋಬಿ ಘಾಟ್ ಓಪನ್ ಮಾಡಿದ್ರಾ?" ಎಂದ. ನಾನು ಉಪವಾಸ, ಗಂಟಲು ಕಲ್ಲಿಗಿಂತ ಒಣಗಿತ್ತು. ದಿನವಿಡೀ ನೀರು ಕುಡಿದದ್ದು ಸ್ಪಂಜು ಮಾತ್ರ.

ಕೊನೆಗೆ ಗಾಳಿ ತಗ್ಗಿತು. ಕಲ್ಲನ್ನು ಪ್ರೆಸ್ಸಿಗೆ ಏರಿಸಿ, ಹಾಳೆ ಹಾಸಿ, ಒತ್ತಡ ಕೂರಿಸಿ, ಹಿಡಿ ತಿರುಗಿಸಿದೆ. ಬಿಸ್ಮಿಲ್ಲಾ ಎಂದು ಕೆಳಗಿನ ಅಂಚು ಹಿಡಿದು ಎತ್ತಿದೆ.

ಅಂಚು ಬೋಳಾಗಿತ್ತು.

ಪೂರ್ತಿ ಎತ್ತಿ ನೋಡಿದಾಗ ಇಡೀ ಊರು ಬಂದಿತ್ತು. ಸಾಲುಸಾಲು ಸೈಟುಗಳು, ಮರಗಳ ನೆರಳಿನ ಅಗಲ ಬೀದಿಗಳು, ಬಾವುಟ ಹಾರುವ ಹೋಟೆಲು, ಒಪೇರಾ ಹೌಸು, ದೋಣಿಗಳು ತೇಲುವ ನದಿ. ನದಿಯ ನೀರನ್ನು ಕೂದಲೆಳೆಯಷ್ಟು ತೆಳು ಗೆರೆಗಳಲ್ಲಿ ಬರೆದಿದ್ದರು. ಅಂಥ ಕೈ ಇದ್ದವನು ಹೆಸರು ಬರೆಯದೆ ಬಿಟ್ಟಿರಲಾರ. ಹಾಗಾದರೆ ತಪ್ಪು ನನ್ನದು, ಅಂಚಿಗೆ ರೋಲರ್ ಸಾಲಲಿಲ್ಲ ಎಂದುಕೊಂಡೆ.

ಅಲ್ಲಿಂದ ಕೆಟ್ಟ ದಿನಗಳು ಶುರುವಾದವು. ಅಂಚಿಗೆ ರೋಲರನ್ನು ಹೆಚ್ಚು ಒತ್ತಿದೆ. ಹೆಸರು ಬರಲಿಲ್ಲ, ಕೊಳೆ ಬಂತು. ಮೃದುವಾದ ಮಸಿ ಹಾಕಿದೆ, ಕೊಳೆ ಹೆಚ್ಚಾಯಿತು. ಕೊಳೆ ತೆಗೆಯಲು ಆಮ್ಲ ಹಾಕಿದೆ, ಅಂಚು ಬೆಳ್ಳಗಾಯಿತು, ಹೆಸರು ಮಾತ್ರ ಇಲ್ಲ. ಒತ್ತಡ ಏರಿಸಿದೆ. ಕಲ್ಲು ಪ್ರೆಸ್ಸಿನ ಕೆಳಗೆ ಹಾಯುವಾಗ ಸಣ್ಣಗೆ ಕಿರುಗುಟ್ಟಿತು. ಕಲ್ಲು ಎರಡು ಹೋಳಾದರೆ ಎಲ್ಲ ಮುಗಿಯಿತು. ಒತ್ತಡ ಇಳಿಸಿದೆ. ಮತ್ತೆ ಅಂಚಿಗೆ ಆಮ್ಲ ಬಳಿಯುವಾಗ ಬ್ರಷ್ಷಿನಿಂದ ಒಂದು ಹನಿ ನದಿಯ ಕಡೆಗೆ ಹರಿಯಿತು. ಸ್ಪಂಜು ತರುವಷ್ಟರಲ್ಲಿ ನದಿಯ ಒಂದು ಮೂಲೆಯ ತೆಳು ಗೆರೆಗಳು ಸುಟ್ಟುಹೋದವು. ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದು, ಹೂಕುಂಡದ ಭಾರವನ್ನೂ ತಡೆದ ಗೆರೆಗಳು ನನ್ನ ಒಂದು ಹನಿಯನ್ನು ತಡೆಯಲಿಲ್ಲ.

ಅಷ್ಟರಲ್ಲಿ ಮೇಡಂ ಫೋನು. "ಬಂತೇ?"

"ಊರು ಬಂದಿದೆ ಮೇಡಂ. ಹೆಸರು ಇನ್ನೂ ಬರಬೇಕು."

"ಅವಸರವಿಲ್ಲ" ಎಂದರು. ಅವಸರವಿತ್ತು. ಗೋಡೆಗೆ ಯಾವ ಹಾಳೆ ಎಂದು ಸಂಘ ತೀರ್ಮಾನಿಸುವ ಸಮಯ ಹತ್ತಿರವಾಗಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಮಧ್ಯಾಹ್ನ ಯಜಮಾನ ಹಿಂದಿನ ಕೋಣೆಗೆ ಬಂದು, ಹಾಳಾದ ಪ್ರೂಫುಗಳ ರಾಶಿಯ ಪಕ್ಕ ನಿಂತ. "ಅಂಕಲ್, ಒಂದ್ ಮಾತ್ ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ."

"ಹೇಳು."

"ನಮ್ ಕಡೆ ಸಿಗ್ನಲ್ ಬರ್ಲಿಲ್ಲ ಅಂದ್ರೆ ಮೊದ್ಲು ರಿಸೀವರ್ ಬಿಚ್ತೀವಿ. ಎಲ್ಲ ಬಿಚ್ಚಿ ನೋಡಿದ್ಮೇಲೂ ಬರ್ಲಿಲ್ಲ ಅಂದ್ರೆ, ಆ ಕಡೆಯಿಂದ ಕಳಿಸ್ತಾನೇ ಇಲ್ಲ ಅಂತ."

"ಹೆಸರು ಹಾಕದ ಮುದ್ರಕ ಇಲ್ಲಪ್ಪ."

"ನಿಮ್ ಪ್ರೆಸ್ ಆಕ್ಟ್ ಇಲ್ಲಿಗೆ ಬರಲ್ಲ ಅಂಕಲ್. ಆ ಮುದುಕಪ್ಪಂಗೆ ಯಾರು ಫೈನ್ ಹಾಕ್ತಿದ್ರು?"

ನನಗೆ ರೇಗಿತು. ಅವನಿಗೆ ಬಾಯಿ ಮುಚ್ಚಿಸಬೇಕೆಂದೇ ಉಕ್ಕಿನ ಪಟ್ಟಿ ತೆಗೆದುಕೊಂಡೆ. ಕಲ್ಲು ಬಂದ ದಿನ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಮಟ್ಟ ನೋಡಿದ್ದೆ. ಕೆಳಗಿನ ಅಂಚನ್ನು ನೋಡಿರಲಿಲ್ಲ. ಅದು ಹೆಸರಿನ ಜಾಗ, ಅಲ್ಲಿ ಯಾರೂ ಉಜ್ಜುವುದಿಲ್ಲ ಎಂಬುದು ನಾನು ಕಲಿತ ಪಾಠ. ಪಟ್ಟಿಯನ್ನು ಅಂಚಿನ ಉದ್ದಕ್ಕೆ ನಿಲ್ಲಿಸಿ, ಅಡಿಯಲ್ಲಿ ತೆಳು ಕಾಗದದ ಚೂರುಗಳನ್ನು ಸಿಕ್ಕಿಸಿ ಒಂದೊಂದಾಗಿ ಎಳೆದೆ. ಎರಡೂ ತುದಿಗಳ ಚೂರುಗಳು ಬಿಗಿಯಾಗಿದ್ದವು. ನಡುವಿನವು ಬೆಣ್ಣೆಯಲ್ಲಿ ಜಾರಿದಂತೆ ಜಾರಿ ಬಂದವು.

ಅಲ್ಲಿ ತಗ್ಗಿತ್ತು. ಒಂದು ಹೆಸರು, ಒಂದು ಊರು ಹಿಡಿಯುವಷ್ಟು ಉದ್ದ, ಒಂದು ಸಾಲಿನಷ್ಟು ಅಗಲ.

ದೀಪವನ್ನು ಪಕ್ಕಕ್ಕೆ ಇಳಿಸಿ, ಬೆಳಕು ಕಲ್ಲಿನ ಮೇಲೆ ಮಲಗಿ ಹರಿಯುವಂತೆ ಹಿಡಿಯಲು ಯಜಮಾನನಿಗೆ ಹೇಳಿದೆ. ತಗ್ಗಿನ ತಳದಲ್ಲಿ ನೆರಳಿನಂಥ ಎರಡು ಮೂರು ಅಕ್ಷರದ ಬಾಲಗಳು ಕಂಡವು. ಓದಲು ಆಗುವಷ್ಟಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ. ಹೆಸರು ಇತ್ತು. ಯಾರೋ ತೆಗೆದಿದ್ದರು. ಚಾಕುವಿನಿಂದ ಕೆರೆದಿರಲಿಲ್ಲ. ಕೆರೆದಿದ್ದರೆ ಗುಳಿ ಬಿದ್ದು, ಅದರಲ್ಲಿ ಮಸಿ ನಿಂತು ಪ್ರತಿ ಹಾಳೆಯಲ್ಲೂ ಕಲೆ ಬೀಳುತ್ತಿತ್ತು. ಇದು ನೀರು ಹಾಕಿ, ಸಣ್ಣ ಉಜ್ಜುಗಲ್ಲಿನಿಂದ, ಅಂಚು ನುಣುಪಾಗುವಂತೆ ನಿಧಾನವಾಗಿ ಉಜ್ಜಿದ ತಗ್ಗು. ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ.

ನಾನು ಸ್ಟೂಲಿನ ಮೇಲೆ ಕೂತೆ. ಇಷ್ಟು ದಿನ ಇಲ್ಲದ ಹೆಸರಿಗೆ ಮಸಿ ಉಣಿಸುತ್ತಿದ್ದೆ. ಅದಕ್ಕಾಗಿ ನದಿಯನ್ನೂ ಸುಟ್ಟಿದ್ದೆ.

"ಅಂಕಲ್, ಆ ನೆರಳನ್ನ ಮೇಲೆ ತರೋಕಾಗಲ್ವಾ?"

ಆಗುತ್ತಿತ್ತೇನೋ. ಮಂದವಾದ ಬೇರೆ ಆಮ್ಲದಿಂದ ತೊಳೆದರೆ ಕಲ್ಲು ಮತ್ತೆ ಜಿಡ್ಡಿಗೆ ಬಾಯಿ ತೆರೆಯುತ್ತದೆ. ಆಳದಲ್ಲಿ ಜಿಡ್ಡು ಉಳಿದಿದ್ದರೆ ಹೆಸರು ಮೇಲೇಳಬಹುದು. ಏಳದಿದ್ದರೂ ಆ ಬಾಲಗಳ ಗುರುತು ಹಿಡಿದು ನಾನೇ ಸೂಜಿಮೊನೆಯ ಲೇಖನಿಯಿಂದ ಗೆರೆ ಎಳೆಯಬಲ್ಲೆ. ಯಜಮಾನನಿಗೆ ಇದನ್ನೆಲ್ಲ ಹೇಳಿದೆ.

"ಮತ್ತೆ ತನ್ನಿ. ಅವ್ರಿಗೆ ಹೆಸ್ರು ಬೇಕು, ಸಂಘಕ್ಕೂ ಹೆಸ್ರು ಬೇಕು. ಎಲ್ರೂ ಹ್ಯಾಪಿ."

"ತೆಗೆದವನಿಗೆ?"

"ಯಾರಿಗೆ?"

"ಇದನ್ನು ಉಜ್ಜಿದವನಿಗೆ. ಅವನಿಗೆ ಬೇಡವಾಗಿತ್ತಲ್ಲ."

ಯಜಮಾನ ದೀಪವನ್ನು ಮೇಜಿನ ಮೇಲಿಟ್ಟ. "ಅಂಕಲ್, ಕಸ್ಟಮರ್ ಯಾರು, ಅದನ್ನ ಮರೀಬೇಡಿ" ಎಂದು ಮುಂದಿನ ಕೋಣೆಗೆ ಹೋದ. ಅವನ ಮಾತೂ ಸುಳ್ಳಲ್ಲ.

ಆ ಸಂಜೆ ರೈಲಿನಲ್ಲಿ ಖರ್ಜೂರ ತಿಂದು ಉಪವಾಸ ಬಿಟ್ಟೆ. ಕಿಟಕಿಯಾಚೆ ಗೋದಾಮುಗಳು ಹಿಂದೆ ಓಡುತ್ತಿದ್ದವು, ನನ್ನ ತಲೆಯಲ್ಲಿ ಅಜ್ಜನ ಪಾಠ. ಕೊನೆಯ ಸಾಲು ಏಕೆ ಎಂದು ನಾನು ಎಂದೂ ಕೇಳಿರಲಿಲ್ಲ. ಈ ಹಾಳೆಯಲ್ಲಿ ಇರುವುದಕ್ಕೆ ನಾನು ಜವಾಬ್ದಾರ ಎಂದು ಹೇಳುವುದಕ್ಕೆ ಅದು ಇರುವುದು. ಹಾಗಿದ್ದರೆ ಜವಾಬ್ದಾರಿ ಬೇಡವೆಂದವನು ಇನ್ನೇನು ಮಾಡಬೇಕು? ವಾಲ್‌ನಟ್ ಬರುವಷ್ಟರಲ್ಲಿ ನಿರ್ಧರಿಸಿದೆ. ಕಲ್ಲಿಗೆ ಇನ್ನು ಒಂದು ಹನಿ ಆಮ್ಲವನ್ನೂ ಹಾಕುವುದಿಲ್ಲ. ಕಲ್ಲನ್ನೇ ಮೇಡಂ ಮುಂದೆ ಇಡುತ್ತೇನೆ. ಹೆಸರು ಎಬ್ಬಿಸು ಎಂದು ಅವರೇ ಹೇಳಿದರೆ ಎಬ್ಬಿಸುತ್ತೇನೆ. ಅವರಿಗೆ ಹೇಳದೆ ಎಬ್ಬಿಸುವುದಿಲ್ಲ.

ಶನಿವಾರ ಯಜಮಾನನ ವ್ಯಾನಿನಲ್ಲಿ ಕಲ್ಲನ್ನು ಕಂಬಳಿ ಸುತ್ತಿ ಮಲಗಿಸಿಕೊಂಡು ಸ್ಯಾನ್ ಡಿಯಾಗೋಕ್ಕೆ ಹೋದೆವು. ದಾರಿಯುದ್ದಕ್ಕೂ ಅವನು ಬಂಪ್ ಬಂದಾಗಲೆಲ್ಲ "ಸಾರಿ ಅಜ್ಜ" ಎಂದು ಕಲ್ಲಿಗೆ ಹೇಳುತ್ತಿದ್ದ.

ಮೇಡಂ ಅವರ ಕಣ್ಣು ಮಂದವಾಗಿತ್ತು. ಪ್ರೂಫನ್ನು ಕಿಟಕಿಯ ಬಳಿ ಹಿಡಿದು, ಮೂಗು ತಾಗುವಷ್ಟು ಹತ್ತಿರ ತಂದು ನೋಡಿದರು. ಹೋಟೆಲು, ಬೀದಿ, ನದಿ ಎಲ್ಲ ನೋಡಿ ಕೆಳಗಿನ ಅಂಚಿಗೆ ಬಂದರು. ನಾನು ಅವರ ಕೈ ಹಿಡಿದು, ಗ್ಯಾರೇಜಿನ ಮೇಜಿನ ಮೇಲಿದ್ದ ಕಲ್ಲಿನ ಅಂಚಿಗೆ ಅವರ ಬೆರಳನ್ನು ತಾಗಿಸಿದೆ. "ಇಲ್ಲಿಂದ ಇಲ್ಲಿಗೆ ಸವರಿ."

ಅವರು ಸವರಿದರು. ಮುದ್ರಕರ ಮನೆಯ ಬೆರಳು, ತಗ್ಗಿನ ತುದಿಯಲ್ಲಿ ತಾನಾಗಿ ನಿಂತಿತು. "ಇಲ್ಲಿ ಹೆಸರಿತ್ತು" ಎಂದರು.

"ಇತ್ತು. ಉಜ್ಜಿ ತೆಗೆದಿದ್ದಾರೆ."

"ಅಜ್ಜನೇ?"

"ಅದನ್ನು ನಾನು ಹೇಳಲಾರೆ ಮೇಡಂ. ಕೆಲಸ ಬಲ್ಲ ಕೈ ತೆಗೆದಿದೆ. ಅಷ್ಟು ಮಾತ್ರ ಹೇಳಬಲ್ಲೆ." ಹೆಸರನ್ನು ಎಬ್ಬಿಸಲು ಪ್ರಯತ್ನಿಸಬಹುದು ಎಂದೂ ಹೇಳಿದೆ. ನದಿಯ ಮೂಲೆಯನ್ನು ನಾನು ಸುಟ್ಟದ್ದನ್ನೂ ಹೇಳಿದೆ.

ಅದಕ್ಕೆ ಅವರು ನಕ್ಕುಬಿಟ್ಟರು. "ಆ ನದಿಯಲ್ಲಿ ಎಂದೂ ನೀರಿರಲಿಲ್ಲ, ಚಿಂತೆ ಮಾಡಬೇಡಿ" ಎಂದರು.

ಆಮೇಲೆ ಬೆರಳನ್ನು ಅಲ್ಲೇ ಇಟ್ಟುಕೊಂಡು ಒಂದು ಸಂಗತಿ ಹೇಳಿದರು. ಅವರು ಚಿಕ್ಕವರಿದ್ದಾಗ ಅಜ್ಜ ಒಮ್ಮೆ ಅವರನ್ನು ಊರಾಚೆ ಬಹಳ ದೂರ ಕರೆದುಕೊಂಡು ಹೋದರಂತೆ. ಬರೀ ಪೊದೆ, ಮರಳು, ಅಲ್ಲಲ್ಲಿ ಸೈಟು ಗುರುತಿಸಲು ನೆಟ್ಟಿದ್ದ, ಕೊಳೆತ ಮರದ ಗೂಟಗಳು. ಅಜ್ಜ ಹ್ಯಾಟು ತೆಗೆದು, "ಇದು ಒಪೇರಾ ಹೌಸ್. ಸದ್ದು ಮಾಡಬೇಡ" ಎಂದರಂತೆ. ಆಟವೆಂದು ತಿಳಿದು ಮಗು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿತು. ಅಜ್ಜ ಒಂದು ಗೂಟ ಕಿತ್ತು, ಮಣ್ಣು ಒರೆಸಿ, ಅದೇ ಗುಳಿಗೆ ಮತ್ತೆ ನೆಟ್ಟರು.

"ಈ ಕಾಗದ ನೋಡಿ ಯಾರೋ ಅಲ್ಲಿ ಜಾಗ ಕೊಂಡಿರುತ್ತಾರೆ, ಅಲ್ಲವೇ?" ಎಂದು ಕೇಳಿದರು.

"ಕೊಳ್ಳಲೆಂದೇ ಮಾಡಿದ ಕಾಗದ ಮೇಡಂ."

ಯಜಮಾನ ನನ್ನ ಪಕ್ಕಕ್ಕೆ ಬಾಗಿ, ಕನ್ನಡದಲ್ಲಿ, "ಅಂಕಲ್, ಈಗ ಕೇಳಿ, ಎಬ್ಬಿಸ್ಬೇಕಾ ಬೇಡ್ವಾ ಅಂತ" ಎಂದ. ನಾನು ಕೇಳಬೇಕಾಗಲಿಲ್ಲ.

"ಬೇಡ. ಅವರು ಅಷ್ಟು ಕಷ್ಟಪಟ್ಟು ತೆಗೆದದ್ದನ್ನು ನಾನು ಒಂದು ಗೋಡೆಗಾಗಿ ಮತ್ತೆ ಬರೆಸುವುದಿಲ್ಲ" ಎಂದರು ಮೇಡಂ.

ಸಂಗ್ರಹಪಾಲಕಿಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆವು. ಆಕೆ ತಾಳ್ಮೆಯಿಂದ ಕೇಳಿದರು. ತಗ್ಗು ಇರುವುದು ನಿಜವಿರಬಹುದು, ಆದರೆ ತಗ್ಗು ಯಾರ ಹೆಸರನ್ನೂ ಹೇಳುವುದಿಲ್ಲ, ಊಹೆಯನ್ನು ಗೋಡೆಗೆ ಹಾಕಲು ನನಗೆ ಅಧಿಕಾರವಿಲ್ಲ ಎಂದರು. ಹಾಳೆಯನ್ನು ತೂಗುಹಾಕುತ್ತೇವೆ, 'ಮುದ್ರಕ ತಿಳಿದಿಲ್ಲ' ಎಂದು ಬರೆಯುತ್ತೇವೆ ಎಂದರು. ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಕಲ್ಲಿನೊಂದಿಗೆ ಚಾಟ್ಸ್‌ವರ್ತ್‌ಗೆ ಮರಳಿ ಗೋಡೆಗೆ ಬೇಕಾದ ಹಾಳೆಯನ್ನು ತೆಗೆದೆ. ಅಂಚಿಗೆ ಬೇಕಾದಷ್ಟೇ ನೀರು, ಬೇಕಾದಷ್ಟೇ ಒತ್ತಡ. ಕಲ್ಲು ಸದ್ದಿಲ್ಲದೆ ಹಾಯಿತು. ಎತ್ತುವಾಗ ಕೈ ಅಭ್ಯಾಸದಂತೆ ಕೆಳಗಿನ ಅಂಚಿಗೆ ಹೋಯಿತು. ತಡೆದು, ಪ್ರೆಸ್ಸಿನ ಆ ಬದಿಗೆ ಸುತ್ತಿಬಂದು ಮೇಲಿನ ಅಂಚಿನಿಂದ ಎತ್ತಿದೆ. ಮೊದಲು ಕಂಡದ್ದು ಹೋಟೆಲಿನ ಬಾವುಟ.

ನಮ್ಮಲ್ಲಿ ತಯಾರಾದ ಪ್ರತಿ ಹಾಳೆಯ ಮೂಲೆಗೂ ಅಂಗಡಿಯ ಉಬ್ಬುಮುದ್ರೆ ಬೀಳಬೇಕು. ಯಜಮಾನ ಮುದ್ರೆಯ ಇಕ್ಕಳವನ್ನು ತಂದ. "ಒತ್ತಿ ಅಂಕಲ್. ಅವ್ರದ್ದಂತೂ ಇಲ್ಲ, ನಮ್ದಾದ್ರೂ ಇರ್ಲಿ. ಅಡ್ವರ್ಟೈಸ್‌ಮೆಂಟ್ ಆಗತ್ತೆ."

"ಬೇಡಪ್ಪ."

"ನೀವಾ ಹೇಳ್ತಿರೋದು? ಕಾನೂನು?"

"ಇಲ್ಲಿಗೆ ಬರಲ್ಲ ಅಂದವನು ನೀನೇ ಅಲ್ವಾ?"

ಅವನು ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಹೋದ. ಆ ದಿನವೆಲ್ಲ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಬೇರೆ ಮುದ್ರಕರಿಗೆ ಗೋಡೆಗಳಿದ್ದವು, ಭಾವಚಿತ್ರ, ಹುಟ್ಟೂರು, ಮಕ್ಕಳ ಹೆಸರು ಎಲ್ಲ ಇತ್ತು. ನಮ್ಮ ಹಾಳೆ ಬಾಗಿಲ ಪಕ್ಕದ ಮೂಲೆಯಲ್ಲಿತ್ತು, ಕೆಳಗೆ ಸಣ್ಣ ಚೀಟಿ. ಅದರ ಪಕ್ಕದ ಮೇಜಿನ ಮೇಲೆ ಕಲ್ಲು, ಕಲ್ಲಿನ ಮುಂದೆ ಮುಟ್ಟಬಾರದು ಎಂಬ ಫಲಕ. ಮೇಡಂ ಅಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಒಬ್ಬಾತ ನಕ್ಷೆಯ ಮುಂದೆ ಬಹಳ ಹೊತ್ತು ನಿಂತು, ಚೀಟಿ ಓದಿ, "ಪಾಪ, ಇಷ್ಟು ಚೆನ್ನಾಗಿ ಬರೆದವನ ಹೆಸರೇ ಕಳೆದುಹೋಗಿದೆ" ಎಂದ.

"ಕಳೆದುಹೋಗಿಲ್ಲ" ಎಂದರು ಮೇಡಂ. ಕುರ್ಚಿಯಿಂದ ಕೈ ಚಾಚಿ, ಫಲಕವನ್ನು ಪಕ್ಕಕ್ಕೆ ಸರಿಸಿ, ಅವನ ಬೆರಳನ್ನು ಕಲ್ಲಿನ ಅಂಚಿಗೆ ತಾಗಿಸಿದರು. "ಇಲ್ಲಿಂದ ಇಲ್ಲಿಗೆ ಸವರಿ."